ಸಂತೆ, ತೇರು, ಶಾಲೆ

ಚಿಕ್ಕಬಳ್ಳಾಪುರ ಸೀಮೆಯ ಈ ನಾಲ್ಕೂ ಪೇಟೆಗಳು ವ್ಯಾಪಾರದಿಂದ ಬೆಳೆದವು. ಚಿಕ್ಕಬಳ್ಳಾಪುರಕ್ಕೆ ಹೂವು, ದ್ರಾಕ್ಷಿ, ಶಿಡ್ಲಘಟ್ಟಕ್ಕೆ ರೇಷ್ಮೆ, ಚಿಂತಾಮಣಿಗೆ ಟೊಮೆಟೊ, ಹುಣಸೆ, ಗೌರಿಬಿದನೂರಿಗೆ ಮುಸುಕಿನ ಜೋಳ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಗುವುದಕ್ಕೆ ಎಷ್ಟೋ ಮೊದಲಿನಿಂದಲೂ ಇಲ್ಲಿ ಜಾತ್ರೆ ಎಂದರೆ ಅಂಗಡಿಯವರು, ಮಂಡಿಯವರು ಕೈ ಬಿಚ್ಚಲೇಬೇಕು. ಶಿವರಾತ್ರಿಗೆ ನಂದಿಯಲ್ಲಿ ಭೋಗನಂದೀಶ್ವರನ ತೇರು ಎಳೆಯುವ ಹೊತ್ತಿಗೆ ಪಾನಕ, ಮಜ್ಜಿಗೆಯ ಅರವಟಿಗೆಗಳು ಏಳುವುದು ಹೀಗೆಯೇ. ಆ ಕೊಡುಗೈ ಶಾಲೆಯ ಕಡೆಗೂ ಚಾಚಿದ ಕಥೆ ಈ ನೆಲದ ಚರಿತ್ರೆಯಲ್ಲೇ ಇದೆ.

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಊರೆಲ್ಲ ತಾತಯ್ಯ ಎಂದು ಕರೆಯುವ ಯೋಗಿ ನಾರೇಯಣ ಯತೀಂದ್ರರು ಮೊದಲು ಬಳೆ ಮಾರಿ ಬದುಕಿದವರು. ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದರು. ಗುರುಪೂರ್ಣಿಮೆಗೆ ಅಲ್ಲಿ ಮೂರು ದಿನ ಹಗಲಿರುಳೆನ್ನದೆ ಸಂಗೀತ ನಡೆಯುತ್ತದೆ. ಉದ್ಯಮಿಯೂ ವಿದ್ಯಾಸಂಸ್ಥೆಗಳನ್ನು ಕಟ್ಟಿದವರೂ ಆದ ಎಂ.ಎಸ್. ರಾಮಯ್ಯನವರು ಈ ಕ್ಷೇತ್ರದ ಏಳಿಗೆಗೆ ನಿಂತರು. ವ್ಯಾಪಾರದ ದುಡ್ಡು, ಉತ್ಸವ, ವಿದ್ಯೆ ಮೂರೂ ಒಂದೇ ಅಂಗಳಕ್ಕೆ ಬಂದದ್ದನ್ನು ಕೈವಾರದಲ್ಲಿ ಕಾಣಬಹುದು.

ಗೌರಿಬಿದನೂರಿನ ದಾರಿ ಬೇರೆ. ಆ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ರೈಲು ಚಾರ್ಜಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಊರನ್ನು ಮರೆಯಲಿಲ್ಲ. ಅವರ ಮುಂದಾಳತ್ವದಲ್ಲಿ ನ್ಯಾಷನಲ್ ಎಜುಕೇಷನ್ ಸೊಸೈಟಿಯ ಕಾಲೇಜುಗಳು ಗೌರಿಬಿದನೂರಿಗೂ ಬಾಗೇಪಲ್ಲಿಗೂ ಬಂದವು. ತಮಗಾದ ಕಷ್ಟ ಈ ಕಡೆಯ ಮಕ್ಕಳಿಗೆ ಬೇಡ ಎಂಬ ಹಟ ಅವರದು.

ಲೆಕ್ಕ ಬಾಕಿ ಇರುವುದು ಶಿಡ್ಲಘಟ್ಟದಲ್ಲಿ. ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ನಾಡಿನ ದೊಡ್ಡ ಮಾರುಕಟ್ಟೆಗಳಲ್ಲೊಂದು. ಬೆಳಗ್ಗೆ ರೈತರು ಜಾಲರಿಗಳಲ್ಲಿ ಗೂಡು ಸುರಿದು ನಿಲ್ಲುತ್ತಾರೆ. ನೂಲು ತೆಗೆಸುವ ರೀಲರು ಮೊದಲೆಲ್ಲ ಹಿಡಿ ಗೂಡು ತೆಗೆದು ಬೆರಳಲ್ಲಿ ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ, ಆಮೇಲೆ ರೇಟು ಕೂಗುತ್ತಿದ್ದ. ಈಗ ಆ ರೇಟನ್ನು ಮೊಬೈಲಿನಲ್ಲಿ ಒತ್ತುತ್ತಾನೆ. ಅದೇ ಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ತೆಗೆಯುವಾಗ ಒಂದು ಕಾಲದಲ್ಲಿ ಚಿಕ್ಕ ಮಕ್ಕಳ ಬೆರಳುಗಳೂ ಬೆಂದಿವೆ. ಸಾಲಕ್ಕೆ ಒತ್ತೆ ಬಿದ್ದು ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಪಾಡನ್ನು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಮಾಡಿತು. ಹಾಗಾಗಿ ರೇಷ್ಮೆಯ ದುಡ್ಡು ಶಾಲೆಗೆ ಬಂದರೆ ಅದನ್ನು ದಾನ ಎನ್ನುವುದಕ್ಕಿಂತ ಸಾಲ ತೀರಿಸುವುದು ಎನ್ನಬೇಕು.

ಈಗ ನಾಲ್ಕೂ ಊರುಗಳಲ್ಲಿ ರಾಜ್ಯೋತ್ಸವ, ಜಯಂತಿ, ಗಣೇಶನ ಹಬ್ಬ ಎಂದರೆ ಒಂದು ಪ್ರತಿಭಾ ಪುರಸ್ಕಾರ ಇದ್ದೇ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಮುಂದೆ ಬಂದವರಿಗೆ ಶಾಲು, ನಗದು. ಚಿಕ್ಕವರಿಗೆ ನೋಟ್‌ಬುಕ್ಕು, ಬ್ಯಾಗು. ಕೊಟ್ಟವರ ಹೆಸರು ಫ್ಲೆಕ್ಸಿನಲ್ಲಿ, ಕೆಲವೊಮ್ಮೆ ಶಾಲೆಯ ಗೋಡೆಯಲ್ಲೂ. ಇದರಲ್ಲಿ ತಪ್ಪೇನಿಲ್ಲ, ಹೆಸರಿನ ಆಸೆಗಾದರೂ ಶಾಲೆಗೆ ಬೆಂಚು ಬರಲಿ. ಆದರೆ ಶೇಕಡಾ 95 ತೆಗೆದವನ ಕೊರಳಿಗೆ ನಾಲ್ಕು ಹಾರ ಬೀಳುವಾಗ, ಫೇಲಾಗಿ ಮಂಡಿಗೆ ಮೂಟೆ ಹೊರಲು ಬಂದ ಹುಡುಗನನ್ನು ಕೇಳುವವರಿಲ್ಲ. ಮಂಡಿಯವರಿಗೆ ಅವನು ದಿನಾ ಕಣ್ಣಿಗೆ ಬೀಳುತ್ತಾನೆ.

ರೀಲರುಗಳಿಗೆ, ಹೂವು-ತರಕಾರಿ ವರ್ತಕರಿಗೆ ಒಂದು ಮಾತು. ಹಬ್ಬದ ವೇದಿಕೆ ಇರಲಿ, ಹಾರವೂ ಇರಲಿ. ಜೊತೆಗೆ ಪ್ರತಿ ಜೂನಿನಲ್ಲಿ ನಿಮ್ಮ ಬೀದಿಯ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ, ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರನ್ನೂ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿ: ಏನು ಬೇಕು? ಯಾವ ಮಗು ಶಾಲೆ ಬಿಟ್ಟಿದೆ? ಎರಡನೆಯದಕ್ಕೆ ಸಿಗುವ ಉತ್ತರದಿಂದಲೇ ಕೆಲಸ ಶುರುವಾಗಲಿ.