ಬೀದಿಯ ನಾಯಿ, ಊರಿನ ಹೊಣೆ

ಮಲೆನಾಡಿನ ಹಳೆಯ ಬದುಕಿನಲ್ಲಿ ‘ಬೀದಿ ನಾಯಿ’ ಎಂಬ ಮಾತಿಗೆ ಹೆಚ್ಚಿನ ಅರ್ಥವಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಮನೆಗಳು ಕಾಡು, ಗದ್ದೆ, ತೋಟಗಳ ನಡುವೆ ಒಂದೊಂದಾಗಿ, ಹೆಚ್ಚೆಂದರೆ ನಾಲ್ಕಾರು ಕೂಡಿ ಇರುವಂಥವು. ಬೀದಿಯೇ ಇಲ್ಲದ ಕಡೆ ಬೀದಿಯ ನಾಯಿ ಎಲ್ಲಿಂದ ಬರಬೇಕು? ನಾಯಿಯೆಂದರೆ ಒಂದು ಮನೆಯ ನಾಯಿ. ಹಂದಿಯಿಂದ ಗದ್ದೆಯನ್ನೂ ಚಿರತೆಯಿಂದ ಕೊಟ್ಟಿಗೆಯನ್ನೂ ಕಾಯುವ ಜೀವ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರು ಗುತ್ತಿಯನ್ನು ಅವನ ಹುಲಿಯನಿಂದ ಅಗಲಿಸಿ ನೆನೆಯಲಾರರು. ನಾಯಿಯಿಂದಲೇ ಅವನು ‘ನಾಯಿಗುತ್ತಿ’ಯಾದವನು.

ಇನ್ನೂ ಹಿಂದಕ್ಕೆ ಹೋದರೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವಿದೆ. ಕ್ರಿ.ಶ. 949-50ರ ಈ ಕಲ್ಲು ಹೇಳುವ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಮೆಚ್ಚುಗೆಯಾಗಿ ಮಣಲೆರನು ಬೇಡಿ ಪಡೆದದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಕಲ್ಲಿನ ಪೂಜೆಗೆ ಭೂಮಿಯೂ ದತ್ತಿಯಾಯಿತು.

ಹೀಗೆ ವೀರಗಲ್ಲಿನ ಗೌರವ ಪಡೆದ ಪ್ರಾಣಿ ನಗರದಲ್ಲಿ ಉಪದ್ರವವಾದದ್ದು ಹೇಗೆ? ಪೇಟೆ ಬೆಳೆದಂತೆ ಸಂತೆಯ ಮೂಲೆ, ಮಾಂಸದಂಗಡಿ, ಹೋಟೆಲುಗಳ ಹಿತ್ತಿಲುಗಳು ಯಜಮಾನನಿಲ್ಲದ ನಾಯಿಗೆ ಅನ್ನವಿಟ್ಟವು. ಆಡಳಿತಕ್ಕೆ ತೋರಿದ ಮೊದಲ ಪರಿಹಾರ ಕೊಲ್ಲುವುದು. 1832ರಲ್ಲಿ ಮುಂಬಯಿಯ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸಹೊರಟಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರಸಿಗಳು ಸಿಡಿದೆದ್ದು ನಗರದಲ್ಲಿ ಗಲಭೆಯೇ ಆಯಿತು. ಆದರೂ ಪದ್ಧತಿ ನಿಲ್ಲಲಿಲ್ಲ. ಇತರ ನಗರಗಳೂ ಅದೇ ದಾರಿ ಹಿಡಿದವು.

ಆಡಳಿತದ ಭಯ ನಿರಾಧಾರವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಹುಚ್ಚುನಾಯಿಯ ಕಡಿತದಿಂದ ಬರುವ ರೋಗ ಒಮ್ಮೆ ಕಾಣಿಸಿಕೊಂಡಿತೆಂದರೆ ಸಾವು ಬಹುತೇಕ ನಿಶ್ಚಿತ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಮಹಾಶಯರು ಬಾಲಕನೊಬ್ಬನಿಗೆ ಲಸಿಕೆ ನೀಡಿ ದಾರಿ ತೋರಿದರು. 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಗಿ ದಕ್ಷಿಣದವರಿಗೆ ಆಸರೆಯಾಯಿತು. ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಮಾತು ಹಿರಿಯರ ಮೈ ಇಂದಿಗೂ ನಡುಗಿಸುತ್ತದೆ; ಆ ಹಳೆಯ ಬಗೆಯ ಲಸಿಕೆ ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಗೆ.

ಪ್ರಾಣಿಗಳ ಪರವಾಗಿ ರಾಜ್ಯಸಭೆಯಲ್ಲಿ ದನಿಯೆತ್ತಿದವರು ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್. ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂದಿತು; 1962ರಲ್ಲಿ ಸ್ಥಾಪನೆಯಾದ ಪ್ರಾಣಿಕಲ್ಯಾಣ ಮಂಡಲಿಗೆ ಅವರೇ ಮೊದಲ ಅಧ್ಯಕ್ಷೆ. ವಿಪರ್ಯಾಸವೆಂದರೆ, ಅದೇ ಕಾಯಿದೆ ಬೀದಿನಾಯಿಗಳನ್ನು ಕೊಲ್ಲುವ ಕೋಣೆಗಳನ್ನು ಹಿಂಸೆಯ ಲೆಕ್ಕಕ್ಕೆ ಸೇರಿಸಲಿಲ್ಲ. 1964ರಲ್ಲಿ ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆ, ಕೊಲ್ಲುವ ಬದಲು ಸಂತಾನಹರಣ ಚಿಕಿತ್ಸೆ ಮಾಡೋಣವೆಂದು ಸಲಹೆಯಿತ್ತಿತು. ಆ ನಗರದ ಆಡಳಿತ ಅದಕ್ಕೆ ಕೈಜೋಡಿಸಿದ್ದು 1996ರಲ್ಲಿ. ಒಂದು ಸರಳ ವಿಚಾರಕ್ಕೆ ಮೂವತ್ತೆರಡು ವರ್ಷದ ವನವಾಸ.

ಕೊಂದರೆ ಸಂಖ್ಯೆ ಏಕೆ ತಗ್ಗದು? ಕಸದ ರಾಶಿ ಇದ್ದಲ್ಲೇ ಇರುತ್ತದೆ. ಸತ್ತ ನಾಯಿಯ ಜಾಗಕ್ಕೆ ಪಕ್ಕದ ಬೀದಿಯ ನಾಯಿ ಬರುತ್ತದೆ. ಉಳಿದವುಗಳ ಮರಿಗಳಿಗೆ ಅನ್ನ ಹೆಚ್ಚುತ್ತದೆ. ಚಿಕಿತ್ಸೆ, ಲಸಿಕೆ ಪಡೆದ ನಾಯಿಯಾದರೋ ತನ್ನ ಎಲ್ಲೆಯನ್ನು ತಾನೇ ಕಾಯುತ್ತದೆ, ಮರಿ ಹಾಕುವುದಿಲ್ಲ. ಜಯಪುರದಲ್ಲಿ 1994ರಿಂದ ನಡೆದ ಇಂಥ ಕಾರ್ಯದಿಂದ ಎಂಟು ವರ್ಷಗಳಲ್ಲಿ ನಾಯಿಗಳ ಸಂಖ್ಯೆ ಶೇಕಡಾ 28ರಷ್ಟು ಇಳಿಯಿತು. 2001ರಲ್ಲಿ ಕೇಂದ್ರ ಸರಕಾರ ಇದನ್ನೇ ನಿಯಮವಾಗಿಸಿತು. ವಾಸಿಯಾಗದ ರೋಗದ, ಮಾರಕ ಗಾಯದ ನಾಯಿಗೆ ಮಾತ್ರ ದಯಾಮರಣ. ಆರೋಗ್ಯವಂತ ಪ್ರಾಣಿಯನ್ನು ಕೊಲ್ಲುವುದಕ್ಕೆ ಆ ಹೆಸರು ಸಲ್ಲದು. ಅಲ್ಲಿ ಮರಣವಿದೆ, ದಯೆಯಿಲ್ಲ.

ಬೆಂಗಳೂರಿನಲ್ಲಿ ಪಾಲಿಕೆ ಮತ್ತು ಪ್ರಾಣಿದಯಾ ಸಂಸ್ಥೆಗಳು ಆ ಶತಮಾನದ ಆರಂಭದಲ್ಲಿ ಈ ಕೆಲಸಕ್ಕೆ ಜೊತೆಗೂಡಿದವು. ಆದರೆ 2007ರ ಮೊದಲ ತಿಂಗಳುಗಳಲ್ಲಿ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದಾಗ ಜನರ ದುಃಖ ಕೋಪವಾಯಿತು. ನಾಯಿಗಳ ಬೇಟೆ ನಡೆಯಿತು. ಆ ತಾಯಂದಿರ ಮುಂದೆ ನಿಂತು ಅಹಿಂಸೆಯನ್ನು ಬೋಧಿಸುವುದು ಸುಲಭವಲ್ಲ. ಅರ್ಧ ನಡೆಸಿದ ಕಾರ್ಯ ಮಗುವನ್ನೂ ಕಾಯದು, ನಾಯಿಯನ್ನೂ ಕಾಯದು ಎಂಬುದೇ ಇದರ ಪಾಠ. ನಮ್ಮದೇ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ 2021ರಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂಳಲಾಯಿತೆಂಬ ದೂರು ಬಂದು ಬಂಧನಗಳಾದವು. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿಯ ಬೀದಿನಾಯಿಗಳನ್ನೆಲ್ಲ ದೊಡ್ಡಿಗೆ ಸೇರಿಸಲು ಹೇಳಿ, ಹನ್ನೊಂದೇ ದಿನಗಳಲ್ಲಿ ಆ ಆದೇಶವನ್ನು ಸಡಿಲಿಸಿ, ಚಿಕಿತ್ಸೆ ಮತ್ತು ಲಸಿಕೆಯಾದವನ್ನು ಅವು ಇದ್ದಲ್ಲಿಗೇ ಬಿಡಬೇಕೆಂದಿತು. ರೋಗದವು, ಮೇಲೆರಗುವವು ಮಾತ್ರ ಇದಕ್ಕೆ ಹೊರತು. ಪ್ರಶ್ನೆ ಎಷ್ಟು ಜಟಿಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಮೂರು ಪೇಟೆಗಳ ಮಾತಿಗೆ ಬರೋಣ. ಸಾಗರಕ್ಕೆ ನಗರಸಭೆಯಿದೆ, ಹೊಸನಗರ, ತೀರ್ಥಹಳ್ಳಿಗಳಿಗೆ ಪಟ್ಟಣ ಪಂಚಾಯಿತಿಗಳು. ಶಸ್ತ್ರಚಿಕಿತ್ಸೆಯ ಕೋಣೆ, ನುರಿತ ವೈದ್ಯ, ನಾಯಿ ಹಿಡಿಯುವವರು, ಶುಶ್ರೂಷೆಯ ಗೂಡು ಇವೆಲ್ಲ ಒಂದು ಸಣ್ಣ ಪೇಟೆಗೆ ಭಾರ. ಮೂರು ಸೇರಿದರೆ ಅಸಾಧ್ಯವಲ್ಲ. ಶಿವಮೊಗ್ಗದಲ್ಲಿ ಪಶುವೈದ್ಯ ಕಾಲೇಜೂ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊಸನಗರವನ್ನು ಹಾದು ಸಾಗರದ ಜೋಗದಲ್ಲಿ ಧುಮುಕುತ್ತಾಳೆ. ತಾಲ್ಲೂಕುಗಳ ಎಲ್ಲೆ ನದಿಗಿಲ್ಲ, ನಾಯಿಗೂ ಇಲ್ಲ. ಆಡಳಿತಕ್ಕೆ ಮಾತ್ರ ಏಕಿರಬೇಕು?

ಹುಂಚದ ಬಸದಿಗಳ ನೆರೆಯಲ್ಲಿ ಬಾಳುವ ಜನಕ್ಕೆ ದಯೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಹೊತ್ತಿಗೊಂದು ತುತ್ತು ಹಾಕಿ ಕೈತೊಳೆದುಕೊಳ್ಳುವ ದಯೆ ಸಾಲದು. ಬೇಡದ ಹೆಣ್ಣುಮರಿಯನ್ನು ಸಂತೆಯಲ್ಲಿ ಬಿಟ್ಟುಬರುವವರು ನಾವೇ. ಕಸವನ್ನು ಬೀದಿಗೆಸೆಯುವವರೂ ನಾವೇ. ಬೀದಿನಾಯಿ ಕಾಡಿನಿಂದ ಬಂದದ್ದಲ್ಲ, ನಮ್ಮ ಮನೆಯ ಹೊಸ್ತಿಲಿನಿಂದ ಇಳಿದುಹೋದದ್ದು. ಅದರ ಹೊಣೆಯನ್ನು ಪುನಃ ಹೊಸ್ತಿಲೊಳಗೆ ತಂದುಕೊಳ್ಳುವುದೇ ಮೊದಲ ಹೆಜ್ಜೆ.