ಕೊಯ್ದಿದ್ದು ಹೊಟ್ಟೆ, ಇಳಿದಿದ್ದು ಶುಗರ್

1995ರಲ್ಲಿ ಅಮೆರಿಕದ ಸರ್ಜನ್‌ಗಳ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬಂತು. ಹೀಗಾಗುತ್ತೆ ಅಂತ ಯಾರು ತಾನೇ ಅಂದ್ಕೊಂಡಿದ್ರು ಅಂತ ಅದರ ತಲೆಬರಹವೇ ಕೇಳುತ್ತಿತ್ತು. ಬರೆದವರು ನಾರ್ತ್ ಕೆರೊಲಿನಾದ ಗ್ರೀನ್‌ವಿಲ್‌ನ ಸರ್ಜನ್ ವಾಲ್ಟರ್ ಪೋರೀಸ್ ಮತ್ತು ತಂಡ. ತೂಕ ಇಳಿಸೋಕೆ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡಿದ್ದ ಅವರ ರೋಗಿಗಳಲ್ಲಿ 146 ಜನಕ್ಕೆ ಟೈಪ್ 2 ಸಕ್ಕರೆ ಕಾಯಿಲೆ ಇತ್ತು. ಅದರಲ್ಲಿ 121 ಮಂದಿಯ ಶುಗರ್ ನಾರ್ಮಲ್‌ಗೆ ಬಂದಿತ್ತು. ಅದೂ ಎಷ್ಟು ಬೇಗ? ಆಪರೇಷನ್ ಆಗಿ ಕೆಲವೇ ದಿನಗಳಲ್ಲಿ, ತೂಕ ಇಳಿಯೋಕೂ ಮುಂಚೆ!

ಈ ಬೈಪಾಸ್ ಹುಟ್ಟಿದ್ದು 1966ರಲ್ಲಿ, ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಕೈಯಲ್ಲಿ. ಅಲ್ಸರ್‌ಗೆ ಹೊಟ್ಟೆಯ ಭಾಗ ತೆಗೆಸಿಕೊಂಡವರು ದಪ್ಪ ಆಗ್ತಿರಲಿಲ್ಲ ಅನ್ನೋದನ್ನ ಅವರು ಗಮನಿಸಿದ್ದರು. ಲೆಕ್ಕ ಸರಳ: ಟ್ಯಾಂಕ್ ಚಿಕ್ಕದು ಮಾಡು, ಪೈಪನ್ನ ಬೇರೆ ದಾರಿಯಲ್ಲಿ ತಿರುಗಿಸು. ನಾನು ಓದಿದ್ದು ಇಂಜಿನಿಯರಿಂಗ್, ನನಗೂ ಮೊದಲು ಇದು ಬರೀ ಪ್ಲಂಬಿಂಗ್ ಅಂತಲೇ ಅನಿಸಿತ್ತು. ಆದರೆ ಪ್ಲಂಬಿಂಗ್ ಅಷ್ಟೇ ಆಗಿದ್ದಿದ್ದರೆ ತೂಕ ಇಳಿದ ಮೇಲೆ ತಾನೇ ಶುಗರ್ ಇಳೀಬೇಕಿತ್ತು?

2004ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಫ್ರಾನ್ಸೆಸ್ಕೊ ರುಬಿನೊ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಶುಗರ್ ಇದ್ದ, ಆದರೆ ಬೊಜ್ಜಿಲ್ಲದ ಇಲಿಗಳು. ಹೊಟ್ಟೆ ಮುಟ್ಟದೆ ಸಣ್ಣಕರುಳಿನ ಮೇಲ್ಭಾಗವನ್ನಷ್ಟೇ ಬೈಪಾಸ್ ಮಾಡಿದರು. ಶುಗರ್ ಸುಧಾರಿಸಿತು. ಅಂದ್ರೆ ಕರುಳು ಬರೀ ಪೈಪ್ ಅಲ್ಲ, ಸಿಗ್ನಲ್ ಕಳಿಸೋ ಅಂಗ. ಇವತ್ತು ತೂಕದ ಇಂಜೆಕ್ಷನ್‌ಗಳಿಂದ ಎಲ್ಲರ ಬಾಯಲ್ಲಿರೋ ಜಿಎಲ್‌ಪಿ-1 ಕೂಡ ಕರುಳಿನದೇ ಹಾರ್ಮೋನ್. ಬೈಪಾಸ್ ಆದಮೇಲೆ, ಊಟದ ನಂತರ ಅದು ಜಾಸ್ತಿ ಬಿಡುಗಡೆಯಾಗುತ್ತೆ. ಹಾಗಂತ ಎಲ್ಲ ಕ್ರೆಡಿಟ್ ಅದಕ್ಕೇ ಕೊಡೋಕಾಗಲ್ಲ. ಆಪರೇಷನ್ ಆದವರು ಮೊದಲ ದಿನಗಳಲ್ಲಿ ತಿನ್ನೋದೇ ಅಷ್ಟಕ್ಕಷ್ಟೆ.

ಪೋರೀಸ್ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಲಾಟರಿ ಎತ್ತಿ, ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಆಪರೇಷನ್ ಅಂತ ಹೋಲಿಸಿರಲಿಲ್ಲ. ಅಂಥ ಎರಡು ಪ್ರಯೋಗಗಳ ಫಲಿತಾಂಶ 2012ರಲ್ಲಿ ಒಟ್ಟಿಗೇ ಬಂತು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 150 ಜನ. ಒಂದು ವರ್ಷದಲ್ಲಿ ಎಚ್‌ಬಿಎ1ಸಿ 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದು ಬರೀ ಔಷಧಿಯವರಲ್ಲಿ ಶೇ. 12, ಬೈಪಾಸ್‌ನಲ್ಲಿ ಶೇ. 42, ಸ್ಲೀವ್‌ನಲ್ಲಿ ಶೇ. 37. ರೋಮ್‌ನಲ್ಲಿ 60 ಜನ. ಎರಡು ವರ್ಷದ ಮೇಲೆ ಔಷಧಿ ಗುಂಪಿನಲ್ಲಿ ಒಬ್ಬರೂ ಶುಗರ್‌ನಿಂದ ಹೊರಬಂದಿರಲಿಲ್ಲ, ಬೈಪಾಸ್‌ನಲ್ಲಿ ಶೇ. 75 ಬಂದಿದ್ದರು.

ಹೆಡ್‌ಲೈನ್ ಇಲ್ಲಿಗೇ ನಿಂತುಬಿಡುತ್ತೆ ಸ್ವಾಮಿ. ನಮ್ಮ ಕಸುಬೇ ಹಾಗೆ. ಆದರೆ ರೋಗಿಯ ಬದುಕು ಎರಡು ವರ್ಷಕ್ಕೆ ಮುಗಿಯಲ್ವಲ್ಲ! ಕ್ಲೀವ್‌ಲ್ಯಾಂಡ್‌ನ ಐದನೇ ವರ್ಷದ ಲೆಕ್ಕ ನೋಡಿ: ಔಷಧಿ ಶೇ. 5, ಬೈಪಾಸ್ ಶೇ. 29, ಸ್ಲೀವ್ ಶೇ. 23. ರೋಮ್ ತಂಡ 2021ರಲ್ಲಿ ಹತ್ತು ವರ್ಷದ ಲೆಕ್ಕ ಕೊಟ್ಟಾಗ, ಆಪರೇಷನ್ ಆದ 40 ಜನರಲ್ಲಿ ಶುಗರ್‌ನಿಂದ ಹೊರಗೇ ಉಳಿದಿದ್ದವರು 15. ಮತ್ತೆ ಶುಗರ್ ಬಂದವರಲ್ಲೂ ಅದು ಹತೋಟಿಯಲ್ಲಿತ್ತು, ಇದೇನು ಸಣ್ಣ ಲಾಭ ಅಲ್ಲ. ಆದ್ರೆ ‘ಶುಗರ್‌ಗೆ ಶಾಶ್ವತ ಪರಿಹಾರ’ ಅನ್ನೋ ಮಾತಿಗೂ ಇದಕ್ಕೂ ಸಂಬಂಧ ಇಲ್ಲ. ಜೀವಮಾನವಿಡೀ ವಿಟಮಿನ್ ಮಾತ್ರೆ, ರಕ್ತಹೀನತೆಯ ಭಯ, ಕೆಲವರಿಗೆ ಮತ್ತೊಂದು ಆಪರೇಷನ್, ಇದೆಲ್ಲ ಜಾಹೀರಾತಿನಲ್ಲಿ ಬರಲ್ಲ. 2017ರಲ್ಲಿ ಬ್ರಿಟನ್ನಿನಲ್ಲಿ ಕತ್ತರಿಯೇ ಇಲ್ಲದೆ, ಕೆಲವು ತಿಂಗಳು ದಿನಕ್ಕೆ 850 ಕ್ಯಾಲೊರಿಯಷ್ಟೇ ಕೊಟ್ಟು, ಒಂದು ವರ್ಷದಲ್ಲಿ ಶೇ. 46 ಮಂದಿಯನ್ನ ಶುಗರ್‌ನಿಂದ ಹೊರತಂದರು ಅನ್ನೋದೂ ಬರಲ್ಲ.

ನಮಗೆ ಇದರಲ್ಲಿ ಏನು ಅಂತೀರಾ? 2016ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಗೆರೆ ಕೆಳಗಿಳಿಸಿತು. ಔಷಧಿಗೆ ಶುಗರ್ ಬಗ್ಗದಿದ್ದರೆ, ಬಿಎಂಐ 27.5 ಇದ್ದವರಿಗೂ ಆಪರೇಷನ್ ಯೋಚಿಸಬಹುದು ಅಂತು. ಐದೂವರೆ ಅಡಿ ಎತ್ತರದವನಿಗೆ ಅದು ಹೆಚ್ಚುಕಡಿಮೆ 78 ಕೆಜಿ. ನಮ್ಮ ಆಫೀಸಿನಲ್ಲೇ ಎಷ್ಟೋ ಜನ ಸಿಗ್ತಾರೆ. ಆದರೆ ರೋಮ್ ಪ್ರಯೋಗಕ್ಕೆ ಸೇರಿಸಿಕೊಂಡಿದ್ದು ಬಿಎಂಐ 35 ಅಥವಾ ಅದಕ್ಕಿಂತ ಹೆಚ್ಚು ಇದ್ದವರನ್ನ. 78 ಕೆಜಿಯವನ ಹತ್ತು ವರ್ಷದ ಲೆಕ್ಕ ಅದರಲ್ಲಿಲ್ಲ.