ಶೋಧ ಶ್ರೇಯಾಂಕ: ಜಾಹೀರಾತು ಮತ್ತು ಮರುನಿರ್ದೇಶಿತ ಕೊಂಡಿಗಳು

ಗೂಗಲ್‌ಗೆ ಹಣ ಕೊಟ್ಟು ಜಾಹೀರಾತು ಹಾಕಿಸಿದರೆ ಸಹಜ ಫಲಿತಾಂಶಗಳಲ್ಲೂ ಜಾಲತಾಣ ಮೇಲೇರುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದಕ್ಕೆ ಗಟ್ಟಿ ಆಧಾರವಿಲ್ಲ. 1998ರಲ್ಲಿ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಮಂಡಿಸಿದ ಪೇಜ್‌ರ‍್ಯಾಂಕ್ ವಿಧಾನ, ಒಂದು ಪುಟಕ್ಕೆ ಬೇರೆಡೆಯಿಂದ ಬರುವ ಕೊಂಡಿಗಳನ್ನು ಶಿಫಾರಸುಗಳೆಂದು ಎಣಿಸುತ್ತದೆ. ದುಡ್ಡಿಗೆ ಕೊಂಡ ಶಿಫಾರಸನ್ನೂ ಎಣಿಸಿದರೆ ಲೆಕ್ಕವೇ ಕೆಡುತ್ತದೆ. ಹಾಗಾಗಿ ಹಣ ಪಡೆದು ಕೊಟ್ಟ ಕೊಂಡಿಗೆ, ಅದನ್ನು ಶಿಫಾರಸೆಂದು ಎಣಿಸಬಾರದೆಂದು ಸೂಚಿಸುವ ಗುರುತನ್ನು (2005ರಲ್ಲಿ ಬಂದ ‘ನೋಫಾಲೋ’ ಅಥವಾ 2019ರ ‘ಸ್ಪಾನ್ಸರ್ಡ್’) ಹಾಕಬೇಕೆಂಬ ಗೂಗಲ್ ನಿಯಮವಿದೆ. ಅದು ಬರೀ ಕಾಗದದ ಮೇಲಿನ ನಿಯಮವಲ್ಲ. ಕೊಂಡ ಕೊಂಡಿಗಳು ಬಯಲಾದಾಗ, 2011ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯ ತಾಣ ಫಲಿತಾಂಶಗಳಲ್ಲಿ ಕುಸಿಯಿತು, 2012ರಲ್ಲಿ ಪ್ರಾಯೋಜಿತ ಬರಹವೊಂದರ ಕೊಂಡಿಯ ಕಾರಣಕ್ಕೆ ಗೂಗಲ್ ತನ್ನದೇ ಕ್ರೋಮ್ ಪುಟವನ್ನೂ ಕನಿಷ್ಠ 60 ದಿನ ಹಿಂದಕ್ಕೆ ತಳ್ಳಿತು (ತಾನು ಹಾಕಿದ ನಿಯಮಕ್ಕೆ ತಾನೇ ಸಿಕ್ಕಿಬಿದ್ದ ಪ್ರಸಂಗ!).

ಜಾಹೀರಾತಿನ ಕೊಂಡಿ ಸಾಮಾನ್ಯವಾಗಿ ಕ್ಲಿಕ್ ಎಣಿಸುವ ಸರ್ವರ್ ಮೂಲಕ ಹಾದು, ಅಲ್ಲಿಂದ ತಾಣಕ್ಕೆ ಮರುನಿರ್ದೇಶಿತವಾಗುತ್ತದೆ. ಶೋಧಯಂತ್ರ ಆ ದಾರಿ ಹಿಡಿಯದಂತೆ ತಡೆಯುವುದೂ ರೂಢಿ. ಹಾಗೆಂದು ಮರುನಿರ್ದೇಶನವೇ ನಿಷ್ಫಲವಲ್ಲ. ತಾಣದ ವಿಳಾಸ ಬದಲಾದಾಗ ಬಳಸುವ ‘301’ ಶಾಶ್ವತ ಮರುನಿರ್ದೇಶನ, ಹಳೆಯ ಪುಟದ ಗಳಿಕೆಯನ್ನು ಹೊಸದಕ್ಕೆ ದಾಟಿಸುತ್ತದೆ. ಹೊಸ ಗಳಿಕೆಯನ್ನು ಮಾತ್ರ ಹುಟ್ಟಿಸದು. ಜಾಹೀರಾತಿನ ಬಳಿಕ ಶ್ರೇಯಾಂಕ ಏರಿದ್ದುಂಟಲ್ಲ ಎಂಬ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು: ಜಾಹೀರಾತು ಕಂಡು ಬಂದವರಲ್ಲಿ ಕೆಲವರು ಮೆಚ್ಚಿ ತಾವಾಗಿಯೇ ಕೊಂಡಿ ಕೊಡಬಹುದು. ಆಗ ಲೆಕ್ಕಕ್ಕೆ ಬರುವುದು ಆ ಹೊಸ ಕೊಂಡಿಗಳು.